ವೇಷದ ಕಾಯಕ

ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಬಹುರೂಪಿ ಚೌಡಯ್ಯನವರೂ ಒಬ್ಬರು. ವೇಷ ಕಟ್ಟಿ ಜನರೆದುರು ಆಡುವುದೇ ಅವರ ಕಾಯಕ. ಅಂಬಿಗ, ಮಡಿವಾಳ, ಮಾದಾರರ ಸಾಲಿನಲ್ಲಿಯೇ ವೇಷಧಾರಿಗೂ ಆಸನವಿತ್ತ ಧರ್ಮ ನಮ್ಮದು. ಆದರೂ ಸಂಜೆಯ ಧಾರಾವಾಹಿಯನ್ನು ತಪ್ಪದೆ ನೋಡುವ ನಮ್ಮ ಮನೆಗಳಲ್ಲಿ, ಅದರಲ್ಲಿ ನಟಿಸುವ ಹೆಣ್ಣುಮಗಳ ಮಾತು ಬಂದೊಡನೆ ನಾಲಗೆ ಸಡಿಲವಾಗುವುದನ್ನು ಕಾಣುತ್ತೇವೆ. ಭಕ್ತರಾದವರು ಇದನ್ನು ವಿಚಾರಿಸಿ ನೋಡಬೇಕು.

ಅವಿಕಾ ಗೋರ್ ಅವರ ಬಾಳನ್ನೇ ತೆಗೆದುಕೊಳ್ಳೋಣ. 1997ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಇವರು, 2008ರಲ್ಲಿ ಆರಂಭವಾದ ‘ಬಾಲಿಕಾ ವಧು’ ಎಂಬ ಹಿಂದಿ ಧಾರಾವಾಹಿಯಲ್ಲಿ ಆನಂದಿಯಾದಾಗ ವಯಸ್ಸು 11. ರಾಜಸ್ಥಾನದ ಬಾಲ್ಯವಿವಾಹದ ಸಂಕಟವನ್ನು ದೇಶದ ಮನೆಮನೆಗೆ ಮುಟ್ಟಿಸಿದ್ದು ಆ ಮಗುವಿನ ಮುಖ. ಮುಂದೆ ‘ಸಸುರಾಲ್ ಸಿಮರ್ ಕಾ’ ಧಾರಾವಾಹಿಯಲ್ಲಿ ವರ್ಷಗಟ್ಟಲೆ ದುಡಿದರು. 2013ರಲ್ಲಿ ‘ಉಯ್ಯಾಲ ಜಂಪಾಲ’ದಿಂದ ತೆಲುಗು ಚಿತ್ರರಂಗಕ್ಕೂ, 2015ರಲ್ಲಿ ‘ಕೇರ್ ಆಫ್ ಫುಟ್‌ಪಾತ್ 2’ರ ಮೂಲಕ ಕನ್ನಡಕ್ಕೂ ಬಂದರು.

ಇಷ್ಟು ಶ್ರಮವಿದ್ದರೂ ಜನ ಹೆಚ್ಚಾಗಿ ಆಡಿಕೊಂಡದ್ದು ಅವರ ಮೈಕಟ್ಟನ್ನು, ಸಹನಟರೊಡನೆ ಕಟ್ಟಿದ ಗಾಳಿಮಾತನ್ನು. ಕನ್ನಡಿಯಲ್ಲಿ ಕಂಡ ತನ್ನ ರೂಪ ತನಗೇ ಸಹನೆಯಾಗದಿದ್ದುದನ್ನು 2020ರಲ್ಲಿ ಅವರೇ ಬಹಿರಂಗವಾಗಿ ಬರೆದುಕೊಂಡರು. ದೇಹವನ್ನೇ ದೇಗುಲವೆಂದು ಬಗೆದ ಶರಣರ ಮಕ್ಕಳು, ಪರರ ದೇಹವನ್ನು ಅಳೆದು ತೂಗುವುದು ತರವೇ?

ಇದು ಹಗುರವಾದ ಸಂಗತಿಯಲ್ಲ. ಅವಿಕಾ ಅವರ ಬಳಿಕ ಅದೇ ಆನಂದಿಯ ಪಾತ್ರ ವಹಿಸಿದ ಪ್ರತ್ಯೂಷಾ ಬ್ಯಾನರ್ಜಿ 2016ರ ಏಪ್ರಿಲ್‌ನಲ್ಲಿ, 24ನೆಯ ವಯಸ್ಸಿನಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಹೆತ್ತವರು ದುಃಖದಲ್ಲಿದ್ದಾಗಲೂ ಆ ಮಗಳ ಖಾಸಗಿ ಬದುಕು ಊರೂರ ಹರಟೆಗೆ ವಸ್ತುವಾಯಿತು. ಕೀರ್ತಿ ಬಂದ ಬಾಗಿಲಿನಿಂದಲೇ ನಿಂದೆಯೂ ಬರುತ್ತದೆ. ಎಳೆಯ ಮನಸ್ಸು ಎರಡನ್ನೂ ಹೊರುವುದು ಕಷ್ಟ.

ಅವಿಕಾ 2025ರಲ್ಲಿ, 28ನೆಯ ವಯಸ್ಸಿನಲ್ಲಿ, ತಾವು ಮೆಚ್ಚಿದವರನ್ನು ವರಿಸಿದರು. ವಿವಾಹವೂ ಟೆಲಿವಿಷನ್ ಕಾರ್ಯಕ್ರಮವೊಂದರಲ್ಲಿಯೇ ನಡೆಯಿತು. ಮಂಗಳಕಾರ್ಯ ಮನೆಯಂಗಳದಲ್ಲಿ ನಡೆದರೆ ಚೆನ್ನೆಂಬುದು ನಮ್ಮ ಭಾವನೆ. ಆದರೆ ತೆರೆ ಎಲ್ಲಿ ಎತ್ತಬೇಕು, ಎಲ್ಲಿ ಇಳಿಸಬೇಕು ಎಂಬ ನಿರ್ಣಯ ಆ ಹೆಣ್ಣುಮಗಳದು, ನೋಡುವ ನಮ್ಮದಲ್ಲ. ತೆರೆಯ ಮೇಲೆ ಬಾಲವಧುವಾಗಿದ್ದವರು ಬಾಳಿನಲ್ಲಿ ಪ್ರಾಪ್ತ ವಯಸ್ಸಿಗೆ ಸ್ವಂತ ಇಚ್ಛೆಯಿಂದ ಮದುವೆಯಾದುದು ಸಂತೋಷದ ಸಂಗತಿ.

ಇಂದು ನಮ್ಮ ಸಮಾಜದ ತಂದೆತಾಯಿಗಳೂ ಮಕ್ಕಳನ್ನು ಹಾಡಿನ, ಕುಣಿತದ ಸ್ಪರ್ಧೆಗಳಿಗೆ ಕಳುಹಿಸುತ್ತಿದ್ದಾರೆ. ಕಳುಹಿಸಲಿ, ಬೇಡವೆನ್ನೆವು. ಆದರೆ 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆ ಮತ್ತು 2017ರ ನಿಯಮಗಳನ್ನು ತಿಳಿದಿರಲಿ. ಬಾಲಕಲಾವಿದರು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಗಳಿಕೆಯಲ್ಲಿ ಶೇಕಡ 20ಕ್ಕೆ ಕಡಿಮೆಯಾಗದಂತೆ ಮಗುವಿನ ಹೆಸರಿನಲ್ಲಿಯೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ವಿದ್ಯಾಭ್ಯಾಸ ನಿಲ್ಲಬಾರದು. ಮಗುವಿನ ಕಾಯಕದ ಫಲ ಮಗುವಿಗೇ ಸಲ್ಲಬೇಕು. ಅದನ್ನು ಹಿರಿಯರು ತಮ್ಮ ಆಸೆಗೆ ಬಳಸಿದರೆ ಅದು ಕಾಯಕವೆನಿಸದು.

ಧಾರಾವಾಹಿ ಮುಗಿದ ಮೇಲೆ ನಟಿಯೂ ಬಣ್ಣ ಕಳಚಿ ಮನೆಗೆ ಹೋಗುತ್ತಾಳೆ. ಅಲ್ಲಿ ಅವಳಿಗಾಗಿ ತಾಯಿಯೊಬ್ಬಳು ಕಾದಿರುತ್ತಾಳೆ. ಆ ಹೊಸ್ತಿಲಿನಾಚೆಗೆ ನಮ್ಮ ಮಾತು ಹೋಗದಿರಲಿ.