ಮಾರಾಟ ಮುಗಿಯುವುದು ಯಾವಾಗ?

ಖಾನಾಪುರ ತಾಲ್ಲೂಕಿನ ಜಾಂಬೋಟಿ ಕಡೆಯ ಒಂದು ರೈತ ಕುಟುಂಬವನ್ನು ಕಲ್ಪಿಸಿಕೊಳ್ಳಿ. ಮಗ ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಾನೆ. ಫೀ ಕಟ್ಟುವ ದಿನ ಹತ್ತಿರ ಬಂದಿದೆ. ಅಂಗಳದಲ್ಲಿ ಹದಿನಾಲ್ಕು ವರ್ಷದ ಪಿಕಪ್ ಗಾಡಿ ನಿಂತಿದೆ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವಂಥದು. ಮಲಪ್ರಭೆ ಹುಟ್ಟುವ ಕಣಕುಂಬಿ ಕಡೆಯ ಮಳೆಗಾಲದ ಕೆಸರಿನಲ್ಲಿ ಗೊಬ್ಬರ, ಭತ್ತ ಹೊತ್ತು ದುಡಿದದ್ದು. ಈಗ ಎರಡನೆಯ ಲಿವರ್ ಎಳೆದರೆ ಮುಂಭಾಗದಿಂದ ಕಟಕಟ ಸದ್ದು. ಚಾಸಿಗೆ ತುಕ್ಕು. ಮಾರಿಬಿಡುವುದೆಂದು ಮನೆಯಲ್ಲಿ ತೀರ್ಮಾನವಾಯಿತು.

ಬೆಳಗಾವಿಯ ಗಿರಾಕಿ ಬರುವ ಹಿಂದಿನ ರಾತ್ರಿ ಮಗ ಹೇಳಿದ: “ಅಪ್ಪಾ, ಅವರು ಡಾಂಬರ್ ರಸ್ತಾದಾಗ ಓಡಿಸಿ ನೋಡತಾರ. ಆ ಲಿವರ್ ಮುಟ್ಟೂದ ಇಲ್ಲ. ನಾವ್ಯಾಕ ಹೇಳಬೇಕು?”

ಅಪ್ಪ ಕೇಳಿದ್ದು ಒಂದೇ ಮಾತು: “ಕೊಳ್ಳಾಂವ ನಿಮ್ಮ ಅಕ್ಕನ ಗಂಡ ಆಗಿದ್ರ ಏನ್ ಹೇಳತಿದ್ದಿ, ತಮ್ಮಾ?”

ಹುಡುಗನ ಲೆಕ್ಕ ತಾಂತ್ರಿಕವಾಗಿ ಸರಿಯೇ. ಇಂಥ ಗಾಡಿಯಲ್ಲಿ ಆ ಲಿವರ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ. ಕೆಸರಿನಲ್ಲಿ ಚಕ್ರ ಜಾರಿ ಈ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರುವುದಿಲ್ಲ. ಒತ್ತಡವೆಲ್ಲ ಗೇರು, ಜಾಯಿಂಟುಗಳ ಮೇಲೆ ಬೀಳುತ್ತದೆ. ಹಾಗಾಗಿ ಡಾಂಬರಿನ ಮೇಲೆ ಆ ಲಿವರನ್ನು ಯಾರೂ ಬಳಸುವುದಿಲ್ಲ, ದೋಷವೂ ಕಾಣುವುದಿಲ್ಲ. ಕೊಳ್ಳುವವರು ಸಡಿಲ ಮಣ್ಣಿನಲ್ಲಿ, ಒದ್ದೆ ಗದ್ದೆಯಲ್ಲಿ ಓಡಿಸಿ ನೋಡಬೇಕು.

ಕಾನೂನು ಏನನ್ನುತ್ತದೆ? 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮಿನಲ್ಲಿ ಮೋಟಾರು ಗಾಡಿಯಿಲ್ಲ, ಒಂದು ಕುದುರೆಯಿದೆ. ರೋಗದ ಕುದುರೆಯನ್ನು ಹರಾಜಿನಲ್ಲಿ ಮಾರುವವನು ಸುಮ್ಮನಿದ್ದರೆ ಅದು ಮೋಸವಲ್ಲ. ಆದರೆ ಕೊಳ್ಳುವವಳು ಆಗಷ್ಟೇ ವಯಸ್ಸಿಗೆ ಬಂದ ಅವನ ಮಗಳೇ ಆಗಿದ್ದರೆ ಹೇಳುವುದು ಅವನ ಕರ್ತವ್ಯ. “ನೀನು ಅಲ್ಲ ಎನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ” ಎಂದು ಕೊಳ್ಳುವವನು ಹೇಳಿದಾಗ ಸುಮ್ಮನಿದ್ದರೆ, ಆ ಮೌನವೂ ಮಾತೇ. ಇನ್ನು ಗೊತ್ತಿರುವ ದೋಷವನ್ನು ಬೇಕೆಂದೇ ಮುಚ್ಚಿದರೆ, ಉದಾಹರಣೆಗೆ ತುಕ್ಕಿನ ಮೇಲೆ ಬಣ್ಣ ಬಳಿದರೆ, ಅದು ಮೋಸದ ಸಾಲಿಗೇ ಸೇರುತ್ತದೆ. ಅಪ್ಪ ಕಾಯಿದೆ ಓದಿದವರಲ್ಲ. ಆದರೂ ಅವರ ಪ್ರಶ್ನೆ ಕಾಯಿದೆಯ ಆ ಮಗಳ ಉದಾಹರಣೆಗೇ ಹೋಗಿ ಮುಟ್ಟಿತು.

ಹಣ ಎಣಿಸಿಕೊಂಡ ಮಾತ್ರಕ್ಕೆ ಮಾರಾಟ ಮುಗಿಯುವುದೂ ಇಲ್ಲ. ಕೈಯಿಂದ ಕೈಗೆ ಮಾರಾಟವಾಗುತ್ತ ಹೋಗಿದ್ದ ಕಾರೊಂದು 2009ರಲ್ಲಿ ಅಪಘಾತ ಮಾಡಿತು. ದಾಖಲೆಯಲ್ಲಿ ಮಾತ್ರ ಮೊದಲ ಮಾಲೀಕರ ಹೆಸರೇ ಉಳಿದಿತ್ತು. ಪರಿಹಾರದ ಹೊಣೆ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದು ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣ.

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು. ಅದಕ್ಕೆ 29 ಮತ್ತು 30ನೆಯ ನಮೂನೆಗಳಿವೆ. ಚೋರ್ಲಾ ಘಾಟ್ ಇಳಿದರೆ ಗೋವಾ, ಪಕ್ಕದಲ್ಲೇ ಮಹಾರಾಷ್ಟ್ರ. ಗಿರಾಕಿ ಹೊರರಾಜ್ಯದವರಾದರೆ ನಿರಾಕ್ಷೇಪಣಾ ಪತ್ರವೂ ಬೇಕು. ಆಗ ಮಾರಿದವರ ಗಡುವು 45 ದಿನ. ಗಾಡಿಯ ಮೇಲೆ ಬ್ಯಾಂಕಿನ ಸಾಲವಿದ್ದು ತೀರಿದ್ದರೆ 35ನೆಯ ನಮೂನೆಯಿಂದ ಅದನ್ನು ಆರ್‌.ಸಿ.ಯಿಂದ ತೆಗೆಸಬೇಕು. ಸರಕು ಸಾಗಿಸುವ ಗಾಡಿಗೆ 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌.ಸಿ. ಆಗಬೇಕು. ತುಕ್ಕಿನಂಥ ದೋಷ ಅಲ್ಲಿ ಹೊರಬೀಳಬಹುದು.

ಮರುದಿನ ಅಪ್ಪ ಮಗ ಇಬ್ಬರೂ ಗಾಡಿಯನ್ನು ಬೆಳಗಾವಿಯ ಉದ್ಯಮಬಾಗಕ್ಕೆ ಒಯ್ದರು. ಗ್ಯಾರೇಜಿನಲ್ಲಿ ದುರಸ್ತಿಯ ಅಂದಾಜು ಬರೆಸಿದರು: 40,000 ರೂಪಾಯಿ. ಅಪ್ಪ ಆ ಚೀಟಿಯನ್ನು ಗಿರಾಕಿಯ ಕೈಗೆ ಕೊಟ್ಟು, 2 ಲಕ್ಷ ಎಂದಿದ್ದ ಗಾಡಿಗೆ 1,60,000 ಕೇಳಿದರು. ಗಿರಾಕಿ ಚೌಕಾಸಿ ಮಾಡಲಿಲ್ಲ. ದೋಷಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದವನು ಮಗ. ಇಬ್ಬರೂ ಅದಕ್ಕೆ ಸಹಿ ಹಾಕಿದರು. ಅಲ್ಲಿಂದ ನೇರ ಆರ್‌ಟಿಒ ಕೆಲಸಕ್ಕೆ ಹೊರಟರು.

ಆ ವರ್ಷದ ಫೀಗೆ ಹಣ ಕಡಿಮೆ ಬಿತ್ತು. ಉಳಿದದ್ದನ್ನು ಭತ್ತ ಮಾರಿದ ಮೇಲೆ ಕಟ್ಟಬೇಕಾಯಿತು. ಅದು ಸುಲಭದ ಮಾತಲ್ಲ. ಪಾಲಕರಿಗೆ ಅದರ ಭಾರ ಗೊತ್ತು. ಆದರೆ ರಸ್ತೆಯಲ್ಲಿ ಆ ಗಾಡಿ ಎದುರಾದಾಗ ಹುಡುಗ ಮುಖ ತಿರುಗಿಸಬೇಕಾಗಿಲ್ಲ. ಮಕ್ಕಳು ಪ್ರಾಮಾಣಿಕತೆಯ ಪಾಠವನ್ನು ಪುಸ್ತಕದಲ್ಲಿ ಓದುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ. ಅದನ್ನು ನಂಬುವುದು ಮಾತ್ರ ಮನೆಯ ಅಂಗಳದಲ್ಲಿ ವ್ಯಾಪಾರ ನಡೆಯುವಾಗ, ಅಪ್ಪನ ಪಕ್ಕದಲ್ಲಿ ನಿಂತಾಗ.