ಕೆಂಪು ಪೆನ್ನಿನ ಪೌರುಷ

ಆರ್ಕಿಟೆಕ್ಚರ್ ಕಾಲೇಜುಗಳಲ್ಲಿ ‘ಜ್ಯೂರಿ’ ಎಂಬುದೊಂದು ಜಾತ್ರೆ ನಡೆಯುತ್ತದೆ. ನಿದ್ದೆಗೆಟ್ಟ ಮಕ್ಕಳು ತಮ್ಮ ಡ್ರಾಯಿಂಗ್ ಶೀಟುಗಳನ್ನು ಗೋಡೆಗೆ ಅಂಟಿಸಿ ನಿಲ್ಲುತ್ತಾರೆ. ಕರೆಸಿಕೊಂಡ ಅತಿಥಿಗಳು ಕಾಫಿ ಕುಡಿಯುತ್ತಾ ಅಭಿಪ್ರಾಯ ಕೊಡುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ವಿಮರ್ಶೆಯೇ ಅಲ್ಲ ಎಂಬುದು ನನ್ನ ತಕರಾರು.

ಒಂದು ಕಾಲೇಜಿನಲ್ಲಿ ಶಿರಾ ತಾಲ್ಲೂಕಿನ ಹುಲಿಕುಂಟೆಗೆ ಹಾಸ್ಟೆಲ್ ವಿನ್ಯಾಸ ಮಾಡಲು ಹೇಳಿದ್ದರು. ಆ ಕಡೆಯವಳೇ ಆದ ಹುಡುಗಿ ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಉತ್ತರಕ್ಕೆ ಪುಟ್ಟ ಕಿಟಕಿ ಬರೆದಿದ್ದಳು. ನನ್ನ ಪಕ್ಕದಲ್ಲಿದ್ದ ಮಹಾಶಯರು, “ಕಾನ್ಸೆಪ್ಟ್ ಎಲ್ಲಮ್ಮಾ? ಇದು ಗುಹೆ. ಉತ್ತರಕ್ಕೆ ಪೂರ್ತಿ ಗಾಜು ಹಾಕು” ಎಂದು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದರು.

ಉತ್ತರದ ಬೆಳಕು ತಂಪು ಎಂಬುದು ಯುರೋಪಿನ ಪಾಠ. ಅಲ್ಲಿ ನಡುಮಧ್ಯಾಹ್ನದ ಸೂರ್ಯ ಎಂದೂ ಉತ್ತರಕ್ಕೆ ಬರುವುದಿಲ್ಲ. ಶಿರಾ ಇರುವುದು 14 ಡಿಗ್ರಿ ಅಕ್ಷಾಂಶಕ್ಕಿಂತ ಕೆಳಗೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ಸೂರ್ಯ ಹುಟ್ಟುವುದು, ಏರುವುದು, ಮುಳುಗುವುದು ಎಲ್ಲವೂ ಉತ್ತರದ ಮಗ್ಗುಲಲ್ಲೇ. ಗಾಜು ಹಾಕಿದ್ದರೆ ಮಕ್ಕಳು ಬೆಂದುಹೋಗುತ್ತಿದ್ದರು. ಅವಳ ಅಜ್ಜಿಗೆ ಗೊತ್ತಿದ್ದದ್ದು ಜ್ಯೂರಿಗೆ ಗೊತ್ತಿರಲಿಲ್ಲ.

ಹಾಗೆಂದು ಆ ನಕ್ಷೆಯಲ್ಲಿ ಐಬೇ ಇರಲಿಲ್ಲವೆಂದಲ್ಲ. ಮಾಳಿಗೆಯ ನೀರು ಎಲ್ಲಿಂದ ಇಳಿಯುತ್ತದೆಂದು ಸೆಕ್ಷನ್‌ನಲ್ಲಿ ತೋರಿಸಿರಲಿಲ್ಲ. ಅಷ್ಟು ಮಣ್ಣಿನ ಭಾರಕ್ಕೆ ತೊಲೆಗಳು ತೆಳುವಾಗಿದ್ದವು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹೊರುವವರು ಯಾರು, ವಾರ್ಡನ್ನೇ? ನಾನು ಕೇಳಿದ್ದು ಇದನ್ನೇ. ಹುಡುಗಿ ನಕ್ಕಳು, ಪೆನ್ಸಿಲ್ ತೆಗೆದುಕೊಂಡಳು, ದೋಣಿಯ ಜಾಗ ಗುರುತಿಸಿದಳು. ತೊಲೆಯನ್ನು ಲೆಕ್ಕ ಹಾಕಿ ಬರೆಯುತ್ತೇನೆ ಸರ್ ಎಂದಳು. ‘ಕಾನ್ಸೆಪ್ಟ್ ಎಲ್ಲಿ’ ಎಂಬುದಕ್ಕೆ ಅವಳು ಯಾವ ಗೆರೆ ಎಳೆಯಬೇಕಿತ್ತು?

ಲೋಕ ಇನ್ನೂ ಕಠಿಣ, ಈಗಲೇ ಗಟ್ಟಿಯಾಗಲಿ ಎನ್ನುವವರಿದ್ದಾರೆ. ಇವರು ಗಾರೆ ಮೇಸ್ತ್ರಿಯ ಜೊತೆ ನಿಂತವರಲ್ಲ. “ಸಾರ್, ಈ ತೊಲೆ ಯಾವುದರ ಮೇಲೆ ಕೂರುತ್ತೆ?” ಎಂದು ಆತ ತಣ್ಣಗೆ ಕೇಳುವ ಪ್ರಶ್ನೆಯಷ್ಟು ಕಠಿಣವಾದದ್ದನ್ನು ನಾನು ಯಾವ ಜ್ಯೂರಿಯಲ್ಲೂ ಕೇಳಿಲ್ಲ. ಅದನ್ನಾತ ಕನ್ನಡದಲ್ಲೇ ಕೇಳುತ್ತಾನೆ. ಕನ್ನಡ ಶಾಲೆಯಿಂದ ಬಂದ ಮಕ್ಕಳು ಮಾತ್ರ ತಮ್ಮೂರಿನ ಮಾಳಿಗೆಯನ್ನು ಇಂಗ್ಲಿಷಿನಲ್ಲಿ ಸಮರ್ಥಿಸಿಕೊಳ್ಳಬೇಕು! ತಡವರಿಸಿದರೆ ನಕ್ಷೆಯೇ ದುರ್ಬಲವಂತೆ.

ಮಕ್ಕಳ ಹಾಳೆಯ ಮೇಲೆ ಪೆನ್ನಾಡಿಸುವುದನ್ನು ಕಾಲೇಜುಗಳು ನಿಷೇಧಿಸಲಿ. ಟ್ರೇಸಿಂಗ್ ಹಾಳೆ ಹಾಸಿ, ಹೇಳುವುದನ್ನು ಅದರ ಮೇಲೆ ಅಳತೆ ಸಮೇತ ಬರೆದು, ಕೆಳಗೆ ಸಹಿ ಹಾಕಿ ಹೋಗಲಿ, ನಾನೂ ಸೇರಿದಂತೆ.