ಡೆಡ್‌ಝೋನ್ ಅನ್ನೋ ತೇಪೆ

ಜಾಯ್‌ಸ್ಟಿಕ್‌ನಿಂದ ಕೈ ತೆಗೆದರೂ ಸಿಮ್ಯುಲೇಟರಿನ ಎಫ್-16 ಮೂತಿ ಅಲ್ಲಾಡಿಸ್ತಿದೆಯಾ? "ಡೆಡ್‌ಝೋನ್ ಜಾಸ್ತಿ ಮಾಡು ಗುರು" ಅಂತಾರೆ ಆಫೀಸಿನವರು. ಇಲ್ಲಾಂದ್ರೆ "ಹೊಸದು ತಗೋ." ಎರಡೂ ಸೋಮಾರಿತನವೇ. ಡೆಡ್‌ಝೋನ್ ರೋಗ ಮುಚ್ಚುತ್ತೆ, ಜೊತೆಗೆ ಆಕಾಶದಲ್ಲಿ ಇಂಧನ ತುಂಬಿಸಿಕೊಳ್ಳುವಾಗ ಬೇಕಾದ ಕೂದಲೆಳೆಯಷ್ಟು ಚಲನೆಯನ್ನೂ ನುಂಗುತ್ತೆ. ಅಗ್ಗದ ಸ್ಟಿಕ್ಕುಗಳಲ್ಲಿ ಸಾಮಾನ್ಯವಾಗಿ ಕಾರಣ ಪೊಟೆನ್ಷಿಯೋಮೀಟರಿನೊಳಗಿನ ಧೂಳು, ಸವೆತ. ವಾರಂಟಿ ಮುಗಿದಿದ್ರೆ ಯುಎಸ್‌ಬಿ ಕಿತ್ತು, ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ನಾಲ್ಕಾರು ಸಲ ಆಡಿಸಿ. ಒಣಗಿದ ಮೇಲೆ ಕ್ಯಾಲಿಬ್ರೇಟ್ ಮಾಡಿ. ಪೂರ್ತಿ ಸವೆದಿದ್ರೆ ಹಾಲ್ ಸೆನ್ಸರ್ ಕೂರಿಸಿ. ಅದು ಆಯಸ್ಕಾಂತದಿಂದ ಅಳೆಯುತ್ತೆ, ಅಲ್ಲಿ ಉಜ್ಜಾಟವೇ ಇಲ್ಲ.

ನಮ್ಮೂರು ಶಿವನಸಮುದ್ರದ ಪವರ್ ಹೌಸ್ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟಿದ್ದು. ಟರ್ಬೈನ್ ಅದುರಿದಾಗ ಮೀಟರಿನ ಮುಳ್ಳಿಗೆ ಗೋಂದು ಹಚ್ಚಿ ಕೂತಿದ್ರೆ ಗಣಿಗೆ ಕರೆಂಟ್ ಹೋಗ್ತಿತ್ತಾ? ನಾವೋ, ಬೀಇ ಓದಿದ್ದೀವಿ, ಮೂರು ವರ್ಷದ ಸ್ಟಿಕ್ಕಿನ ನಾಲ್ಕು ಸ್ಕ್ರೂ ಬಿಚ್ಚೋಕೆ ಕೈ ನಡುಗುತ್ತೆ.